ಹಬ್ಬದ ನಕ್ಷತ್ರ ತೂಗುವುದು ಯಾವಾಗ?



ದಸರಾ ಗೊಂಬೆ ಯಾವತ್ತು ಕೂರಿಸಬೇಕೆಂದು ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಪಾಡ್ಯದಂದು ಎಂದು ಪಂಚಾಂಗವೇ ಹೇಳಿಬಿಡುತ್ತದೆ. ಕ್ರಿಸ್‌ಮಸ್ಸಿನದು ಹಾಗಲ್ಲ. ಹಬ್ಬ ಡಿಸೆಂಬರ್ 25ಕ್ಕೆ ಎಂಬುದೇನೋ ಸರಿ. ಆದರೆ ಮನೆಯ ಮುಂದೆ ನಕ್ಷತ್ರದ ಗೂಡುದೀಪ ತೂಗುವುದು ಯಾವಾಗ? ಮರ ಸಿಂಗರಿಸುವುದು ಯಾವಾಗ? ಒಂದೊಂದು ಮನೆಯಲ್ಲಿ ಒಂದೊಂದು ಉತ್ತರ. ನವೆಂಬರಿನಲ್ಲೇ ಆಗಲಿ ಎನ್ನುವವರಿದ್ದಾರೆ, 24ರ ಸಂಜೆಯವರೆಗೆ ತಡೆಯಿರಿ ಎನ್ನುವ ಹಿರಿಯರೂ ಇದ್ದಾರೆ. ಇದು ಬರೀ ಬಣ್ಣದ ಕಾಗದದ ಜಗಳವಲ್ಲ. ಹಬ್ಬ ಶುರುವಾಗುವುದು ಎಂದು, ಮುಗಿಯುವುದು ಎಂದು ಎಂಬ ಪ್ರಶ್ನೆ ಇದರೊಳಗಿದೆ.

ಚರ್ಚಿನ ಲೆಕ್ಕ ಹೀಗಿದೆ. ಕ್ರಿಸ್‌ಮಸ್ಸಿಗೆ ಹಿಂದಿನ ನಾಲ್ಕನೆಯ ಭಾನುವಾರ ‘ಆಗಮನ ಕಾಲ’ ಆರಂಭವಾಗುತ್ತದೆ. ಅದು ನವೆಂಬರ್ 27ರಿಂದ ಡಿಸೆಂಬರ್ 3ರ ಒಳಗೆ ಬೀಳುತ್ತದೆ. ಇದು ಕಾಯುವ ಕಾಲ. ಪಾದ್ರಿಗಳು ನೇರಳೆ ಬಣ್ಣದ ಉಡುಪು ತೊಡುತ್ತಾರೆ. ಹಿಂದೆ ಉಪವಾಸವೂ ಇತ್ತು. ಸಂಭ್ರಮಕ್ಕೆ ಬಾಗಿಲು ತೆರೆಯುವುದು 24ರ ರಾತ್ರಿ. ಅಲ್ಲಿಂದ 12 ದಿನ ಹಬ್ಬ. ಪೂರ್ವದ ಜ್ಞಾನಿಗಳು ಶಿಶುವನ್ನು ಕಾಣಲು ಬಂದುದರ ನೆನಪಿನ ದಿನವಾದ ಜನವರಿ 6ಕ್ಕೆ ಮುಕ್ತಾಯ. ಇಂಗ್ಲೆಂಡಿನಲ್ಲಿ ಒಂದು ಕಾಲಕ್ಕೆ ಫೆಬ್ರವರಿ ಆರಂಭದವರೆಗೂ ಹಸಿರು ಎಲೆಗಳ ಅಲಂಕಾರ ಮನೆಯಲ್ಲಿರುತ್ತಿತ್ತು. ಸ್ವೀಡನ್ನಿನಲ್ಲಿ ಮರವನ್ನು ಹೊರಹಾಕಲು ಜನವರಿ 13 ಎಂದು ದಿನವೇ ಗೊತ್ತುಮಾಡಿದೆ. ಅಂದರೆ ಹಳೆಯ ಕ್ರಮದಲ್ಲಿ ಹಬ್ಬ ಡಿಸೆಂಬರ್ 25ರಿಂದ ಮುಂದಕ್ಕೆ ಸಾಗುತ್ತಿತ್ತು.

ಕ್ರಿಸ್‌ಮಸ್ ಮರದ ತವರು ಜರ್ಮನ್ ನಾಡು. ಇಂದು ಫ್ರಾನ್ಸಿಗೆ ಸೇರಿರುವ ಸ್ಟ್ರಾಸ್‌ಬರ್ಗಿನಲ್ಲಿ ಜನ ಮನೆಯೊಳಗೆ ಮರ ನಿಲ್ಲಿಸಿ ಕಾಗದದ ಗುಲಾಬಿ, ಸೇಬು, ಸಕ್ಕರೆ ತಿನಿಸು ತೂಗುತ್ತಿದ್ದರೆಂದು 1605ರ ಬರಹವೊಂದು ಹೇಳುತ್ತದೆ. ಜರ್ಮನ್ ಮನೆಗಳಲ್ಲಿ 24ರಂದು ಬಾಗಿಲು ಮುಚ್ಚಿಕೊಂಡು ಮರ ಸಿಂಗರಿಸುವುದು ರೂಢಿ. ಸಂಜೆ ಗಂಟೆ ಬಾರಿಸಿದ ಮೇಲೆಯೇ ಮಕ್ಕಳಿಗೆ ಒಳಗೆ ಪ್ರವೇಶ. ಇದಕ್ಕೆ ನಂಬಿಕೆ ಒಂದೇ ಕಾರಣವಲ್ಲ. ಕಡಿದು ತಂದ ಮರ ಬೆಚ್ಚನೆಯ ಕೋಣೆಯಲ್ಲಿ ದಿನದಿನಕ್ಕೆ ಒಣಗುತ್ತದೆ. ಅದರ ಕೊಂಬೆಗಳ ಮೇಲೆ ಉರಿಯುವುದು ಮೇಣದ ಬತ್ತಿ! ಮೂರು ನಾಲ್ಕು ವಾರ ಇಟ್ಟರೆ ಮನೆಗೇ ಬೆಂಕಿ ಬಿದ್ದೀತು.

ಹಾಗಾದರೆ ಅಲ್ಲಿಯವರೆಗೆ ಮಕ್ಕಳನ್ನು ಸುಮ್ಮನಿರಿಸುವುದು ಹೇಗೆ? ಹ್ಯಾಂಬರ್ಗಿನಲ್ಲಿ ಬಡ ಮಕ್ಕಳ ಆಶ್ರಮ ನಡೆಸುತ್ತಿದ್ದ ಯೋಹಾನ್ ವಿಖರ್ನ್ ಎಂಬ ಪಾದ್ರಿ 1839ರಲ್ಲಿ ಒಂದು ಉಪಾಯ ಹುಡುಕಿದರು. ಬಂಡಿಯ ಚಕ್ರವೊಂದರ ಮೇಲೆ ಭಾನುವಾರಗಳಿಗೆ ದೊಡ್ಡ ಬಿಳಿ ಬತ್ತಿ, ಉಳಿದ ದಿನಗಳಿಗೆ ಚಿಕ್ಕ ಕೆಂಪು ಬತ್ತಿ ನಿಲ್ಲಿಸಿದರು. ದಿನಕ್ಕೊಂದು ಬತ್ತಿ ಹಚ್ಚಿದಂತೆಲ್ಲ ಹಬ್ಬ ಹತ್ತಿರವಾಗುವುದು ಮಕ್ಕಳ ಕಣ್ಣಿಗೇ ಕಾಣುತ್ತಿತ್ತು. ಇಂದು ಚರ್ಚುಗಳಲ್ಲಿ ಕಾಣುವ ನಾಲ್ಕು ಬತ್ತಿಗಳ ಹಸಿರು ಚಕ್ರದ ಮೂಲ ಇದೇ.

ತಾರೀಖು ಹಿಂದಕ್ಕೆ ಸರಿಯಲು ಎರಡು ಕಾರಣ. ಒಂದು ವಿದ್ಯುತ್ತು. 1882ರಲ್ಲಿ ನ್ಯೂಯಾರ್ಕಿನಲ್ಲಿ ಥಾಮಸ್ ಎಡಿಸನ್‌ರ ಸಹವರ್ತಿ ಎಡ್ವರ್ಡ್ ಜಾನ್ಸನ್ ತಮ್ಮ ಮನೆಯ ಮರಕ್ಕೆ ಕೆಂಪು, ಬಿಳಿ, ನೀಲಿ ಬಣ್ಣದ 80 ಬಲ್ಬುಗಳನ್ನು ಹಾಕಿದರು. ಬಲ್ಬಿನ ಸರ ಅಗ್ಗವಾಗಿ, ಪ್ಲಾಸ್ಟಿಕ್ ಮರವೂ ಬಂದ ಮೇಲೆ ಒಣಗುವ ಭಯ ಇಲ್ಲವಾಯಿತು, ಬೆಂಕಿಯ ಭಯ ಕಡಿಮೆಯಾಯಿತು.

ಇನ್ನೊಂದು ಕಾರಣ ವ್ಯಾಪಾರ. ಅಮೆರಿಕದಲ್ಲಿ ನವೆಂಬರಿನ ಥ್ಯಾಂಕ್ಸ್‌ಗಿವಿಂಗ್ ಹಬ್ಬ ಮುಗಿಯುವವರೆಗೆ ಅಂಗಡಿಗಳು ಕ್ರಿಸ್‌ಮಸ್ ಮಾತೆತ್ತದಿರುವುದು ರೂಢಿಯಾಗಿತ್ತು. 1939ರಲ್ಲಿ ಆ ಹಬ್ಬ ನವೆಂಬರ್ 30ಕ್ಕೆ ಬಿತ್ತು. ವ್ಯಾಪಾರಕ್ಕೆ ದಿನ ಸಾಲದೆಂದು ವರ್ತಕರು ಮೊರೆಯಿಟ್ಟರು. ಅಧ್ಯಕ್ಷ ರೂಸ್‌ವೆಲ್ಟ್ ಹಬ್ಬವನ್ನೇ ಒಂದು ವಾರ ಹಿಂದಕ್ಕೆ, 23ಕ್ಕೆ ತಂದರು! ಅನೇಕ ರಾಜ್ಯಗಳು ಒಪ್ಪದೆ ಆ ವರ್ಷ ಎರಡೆರಡು ದಿನ ಹಬ್ಬ ನಡೆಯಿತು. ಕೊನೆಗೆ 1941ರಲ್ಲಿ ನವೆಂಬರಿನ ನಾಲ್ಕನೆಯ ಗುರುವಾರ ಎಂದು ಕಾನೂನೇ ಆಯಿತು.

ಬೇಗ ಶುರು ಮಾಡಿದರೆ ತಪ್ಪೇನು? ದೀಪ ಹಚ್ಚುವುದರಲ್ಲಿ ತಪ್ಪು ಯಾರಿಗೂ ಕಾಣದು. ಫಿಲಿಪ್ಪೀನ್ಸಿನಲ್ಲಿ ಸೆಪ್ಟೆಂಬರಿನಲ್ಲೇ ಕ್ರಿಸ್‌ಮಸ್ ಹಾಡು ಕೇಳಿಸುತ್ತದೆ. ತೊಂದರೆ ಇರುವುದು ಇನ್ನೊಂದು ತುದಿಯಲ್ಲಿ. ನವೆಂಬರಿನಿಂದ ನೋಡಿ ನೋಡಿ ಸಾಕಾದ ಮರವನ್ನು 26ಕ್ಕೇ ಮೂಲೆಗೆ ಸೇರಿಸಿದರೆ, ಹಬ್ಬ ಆರಂಭವಾಗಬೇಕಾದ ದಿನವೇ ಅದರ ಕೊನೆಯ ದಿನವಾಗುತ್ತದೆ. ಕಾಯುವ ದಿನಗಳೂ ಇಲ್ಲ, ಆಮೇಲಿನ 12 ದಿನಗಳೂ ಇಲ್ಲ.

ಇದಕ್ಕೊಂದು ಮಧ್ಯದ ದಾರಿ ಕರಾವಳಿಯ ಮನೆಗಳಲ್ಲಿದೆ. ಸಂತ ಫ್ರಾನ್ಸಿಸ್ 1223ರಲ್ಲಿ ಇಟಲಿಯ ಗ್ರೆಚ್ಚೊ ಎಂಬ ಊರಿನಲ್ಲಿ ಯೇಸು ಹುಟ್ಟಿದ ಕೊಟ್ಟಿಗೆಯ ದೃಶ್ಯ ಏರ್ಪಡಿಸಿದರು. ಅದೇ ಮಂಗಳೂರಿನವರ ಗೋದಲಿ. ಗೋದಲಿಯ ಸುತ್ತ ಹಸಿರು ಬೇಕೆಂದರೆ ಹಬ್ಬಕ್ಕೆ ಕೆಲವು ದಿನ ಮೊದಲೇ ಚಿಕ್ಕ ಪಾತ್ರೆಗಳಲ್ಲಿ ರಾಗಿಯನ್ನೋ ಭತ್ತವನ್ನೋ ಬಿತ್ತಬೇಕು. ಮೊಳಕೆಗೆ ಅವಸರ ಮಾಡಿ ಫಲವಿಲ್ಲ. ಅಷ್ಟರಲ್ಲಿ ನಕ್ಷತ್ರ ಬಾಗಿಲಿಗೆ ಬಂದಿರುತ್ತದೆ, ಅಡಿಗೆಮನೆಯಲ್ಲಿ ನೆವ್ರಿ, ಗುಲಿಯೊ ಮುಂತಾದ ಕುಸ್ವಾರ್ ತಿಂಡಿಗಳ ಕೆಲಸ ನಡೆದಿರುತ್ತದೆ. ಗೋದಲಿಯಲ್ಲಿ ಮರಿಯ, ಜೋಸೆಫ್, ದನ, ಕುರಿ ಎಲ್ಲರೂ ಬಂದು ಕೂತಿರುತ್ತಾರೆ. ನಡುವಿನ ಹುಲ್ಲಿನ ಹಾಸಿಗೆ ಮಾತ್ರ ಖಾಲಿ.

ನಕ್ಷತ್ರವನ್ನು ಮನೆಯವರ ಅನುಕೂಲದಂತೆ ತೂಗಬಹುದು. ಮರವನ್ನು ರಜೆಗೆ ಊರಿಗೆ ಬರುವ ಮಗನೋ ಮಗಳೋ ಬಂದ ಮೇಲೆ ಸಿಂಗರಿಸಬಹುದು. ಹಬ್ಬದ ನಿಜವಾದ ಮುಹೂರ್ತ ಗೊತ್ತಿರುವುದು ಆ ಖಾಲಿ ಹಾಸಿಗೆಗೆ. 24ರ ನಡುರಾತ್ರಿ ಅಲ್ಲಿ ಬಾಲಯೇಸುವಿನ ಗೊಂಬೆ ಇಟ್ಟ ಮೇಲೆ ಹಬ್ಬ ಶುರು. ಮರುದಿನವೇ ಎಲ್ಲವನ್ನೂ ಕಟ್ಟಿಡುವ ಅವಸರ ಬೇಡ. ಜನವರಿ 6ರವರೆಗೆ ದೀಪ ಉರಿಯಲಿ.