ಕಪ್ಪೆ ಓದಿ ಏನ್ ಮಾಡ್ತೀಯಾ?

ಇವತ್ತಿನ ಮಾತು ಹೊಳಲೂರು, ಭದ್ರಾವತಿ ಕಡೆಯಿಂದ ದಿನಾ ಬಸ್ಸು ಹತ್ತಿ ಶಿವಮೊಗ್ಗಕ್ಕೆ ಬಿಎಸ್ಸಿ ಓದೋಕೆ ಬರೋರಿಗೆ. ಪ್ರಾಣಿಶಾಸ್ತ್ರ ಇಷ್ಟ, ಮುಂದೆ ಸಂಶೋಧನೆ ಮಾಡ್ಬೇಕು ಅಂದ ಕೂಡಲೇ ಮನೆಯಲ್ಲಿ ಒಂದೇ ಪ್ರಶ್ನೆ: ‘ಕಪ್ಪೆ ಓದಿ ಏನ್ ಮಾಡ್ತೀಯಾ? ಸುಮ್ನೆ ಬಿ.ಎಡ್ ಮಾಡು.’ ಇದನ್ನ ನಾನು ತಮಾಷೆ ಮಾಡಲ್ಲ. ಅಷ್ಟು ವರ್ಷದ ಓದು ಅಂದ್ರೆ ಅಪ್ಪ ಅಮ್ಮ ದುಡ್ಡಿನ ಲೆಕ್ಕ ಕೇಳ್ಲೇಬೇಕು. ಮೊದಲು ಕಪ್ಪೆ ಕಥೆ, ಆಮೇಲೆ ದುಡ್ಡು.

ಸಾಗರ, ಜೋಗ ದಾಟಿ ಹೊನ್ನಾವರದ ದಾರಿ ಹಿಡಿದ್ರೆ ಸಿದ್ದಾಪುರ ತಾಲ್ಲೂಕಿನ ಕತ್ತಲೆಕಾನು ಸಿಗುತ್ತೆ. ಅಲ್ಲಿನ ಹಳ್ಳದ ಒಂದು ಕಪ್ಪೆಯನ್ನ 2014ರಲ್ಲಿ ಹೊಸ ಪ್ರಭೇದ ಅಂತ ಪ್ರಕಟಿಸಿದ್ರು. ಹೆಸರು ನಿಕ್ಟಿಬ್ಯಾಟ್ರಕಸ್ ಕುಂಬಾರ. ಹೌದು, ನಮ್ಮ ಮಡಕೆ ಮಾಡೋ ಕುಂಬಾರನೇ. ಹೆಣ್ಣು ನೀರಿನ ಮೇಲೆ ಚಾಚಿದ ಕಡ್ಡಿಗೋ ಕಲ್ಲಿಗೋ ಮೊಟ್ಟೆ ಇಟ್ಟು ಹೋಗುತ್ತೆ. ಗಂಡು ಹಿಂಗಾಲ ಮೇಲೆ ನಿಂತು, ಮುಂಗಾಲಲ್ಲಿ ಕೆಸರು ತಗೊಂಡು ಆ ಮೊಟ್ಟೆಗೆ ಮೆತ್ತುತ್ತೆ! ಮೊಟ್ಟೆ ಒಣಗಬಾರದು, ಶತ್ರುವಿನ ಬಾಯಿಗೆ ಬೀಳಬಾರದು ಅಂತ ಇರಬೇಕು ಅನ್ನೋದು ಸಂಶೋಧಕರ ಊಹೆ. ಆ ತಂಡದ ಕೆ.ವಿ. ಗುರುರಾಜ ಪಿಎಚ್.ಡಿ ಮಾಡಿದ್ದು ಎಲ್ಲಿ ಗೊತ್ತಾ? ಶಂಕರಘಟ್ಟದ ನಮ್ಮ ಕುವೆಂಪು ವಿಶ್ವವಿದ್ಯಾಲಯದಲ್ಲಿ.

ವಿಕಾಸ ಜೀವಶಾಸ್ತ್ರದವರು ಇಲ್ಲಿ ಕೇಳೋ ಪ್ರಶ್ನೆಯೇ ಬೇರೆ. ಅಷ್ಟು ಹೊತ್ತು ಕೆಸರು ಹೊರೋ ಬದಲು ಆ ಗಂಡು ಇನ್ನೊಂದು ಹೆಣ್ಣನ್ನ ಕರೀಬಹುದಿತ್ತಲ್ಲ? ಇಷ್ಟು ಶ್ರಮದ ಕೆಲಸ ತಲೆಮಾರಿನಿಂದ ತಲೆಮಾರಿಗೆ ಯಾಕೆ ಉಳ್ಕೊಂತು? ಉತ್ತರ ಬೇಕಂದ್ರೆ ರಾತ್ರಿ ಹಳ್ಳದಲ್ಲಿ ಕೂರಬೇಕು, ಜಿಗಣೆ ಸಮೇತ. ಕೂಗು ರೆಕಾರ್ಡ್ ಮಾಡ್ಬೇಕು. ಡಿಎನ್‌ಎ ಹೋಲಿಸಿ ಇದರ ನೆಂಟರು ಯಾರು, ಅವರಿಗೂ ಈ ಅಭ್ಯಾಸ ಇದ್ಯಾ ಅಂತ ನೋಡ್ಬೇಕು. ಕೆಸರು ಇರೋ ಮೊಟ್ಟೆ ಎಷ್ಟು ಉಳೀತು, ಇಲ್ಲದ್ದು ಎಷ್ಟು ಅಂತ ಎಣಿಸ್ಬೇಕು. ಹೀಗೆ ಕಾಡು, ಲ್ಯಾಬು, ಲೆಕ್ಕ ಎಲ್ಲವನ್ನೂ ಒಂದೇ ಪ್ರಶ್ನೆಗೆ ಹೂಡೋದನ್ನೇ ಇಂಟಿಗ್ರೇಟಿವ್ ಬಯಾಲಜಿ ಅಂತಾರೆ.

ಕಾಡಿಗೇ ಹೋಗ್ಬೇಕು ಅಂತೇನಿಲ್ಲ. ಕುವೆಂಪು ವಿವಿಯಲ್ಲೇ ಎಸ್.ವಿ. ಕೃಷ್ಣಮೂರ್ತಿ ಅವರ ತಂಡ ಗೊಬ್ಬರದಿಂದ ನೀರಿಗೆ ಸೇರೋ ನೈಟ್ರೇಟ್ ಕಪ್ಪೆಮರಿಗಳಿಗೆ, ಅಂದ್ರೆ ಗೊದಮೊಟ್ಟೆಗಳಿಗೆ, ಏನು ಮಾಡುತ್ತೆ ಅಂತ ಅಧ್ಯಯನ ಮಾಡಿದೆ. ಭತ್ತದ ಗದ್ದೆಗೆ ಯೂರಿಯಾ ಎರಚಿ ಬಂದಿರೋ ಹುಡುಗ ಹುಡುಗಿಯರಿಗೆ ಇದನ್ನ ಬಿಡಿಸಿ ಹೇಳ್ಬೇಕಾ?

ಸರಿ, ದುಡ್ಡು. ಎಂಎಸ್ಸಿ ಆದ್ಮೇಲೆ ಸಿಎಸ್‌ಐಆರ್ ನೆಟ್ ಬರೆದು ಜೆಆರ್‌ಎಫ್ ಗಿಟ್ಟಿಸಿದ್ರೆ ಮೊದಲ 2 ವರ್ಷ ತಿಂಗಳಿಗೆ 37,000 ರೂಪಾಯಿ, ಮೌಲ್ಯಮಾಪನ ಆದ್ಮೇಲೆ 42,000. ಇದು 2023ರಿಂದ ಇರೋ ದರ. ಬಿಎಸ್ಸಿ ಮುಗಿಸಿ ‘ಜ್ಯಾಮ್’ ಬರೆದ್ರೆ ಬೆಂಗಳೂರಿನ ಐಐಎಸ್‌ಸಿಯಲ್ಲಿ ಎಂಎಸ್ಸಿ, ಪಿಎಚ್.ಡಿ ಸೇರಿಸಿದ ಕೋರ್ಸೂ ಇದೆ. ಆದ್ರೆ ನೆಟ್ ಪ್ರಶ್ನೆಪತ್ರಿಕೆ ಇಂಗ್ಲಿಷ್, ಹಿಂದಿಯಲ್ಲಿ ಬರುತ್ತೆ, ಕನ್ನಡದಲ್ಲಿ ಬರಲ್ಲ. ನನ್ನ ಪ್ರಕಾರ ಇದು ಅನ್ಯಾಯ. ಇನ್ನೊಂದು, ಪಿಎಚ್.ಡಿ ಆದ ತಕ್ಷಣ ಕಾಯಂ ಕೆಲಸ ಸಿಗುತ್ತೆ ಅಂತ ಯಾರಾದ್ರೂ ಹೇಳಿದ್ರೆ ನಂಬಬೇಡಿ. ಅತಿಥಿ ಉಪನ್ಯಾಸಕರಾಗಿ ವರ್ಷಗಟ್ಟಲೆ ಕಾಯೋರು ನಿಮ್ಮ ಕಾಲೇಜಲ್ಲೇ ಇರ್ತಾರೆ, ಅವರನ್ನೇ ಕೇಳಿ.

ಮನೆಯವರ ಜೊತೆ ಜಗಳಕ್ಕೆ ಇಳಿಯೋ ಮೊದಲು ಭಾರತೀಯ ವಿಜ್ಞಾನ ಅಕಾಡೆಮಿಗಳ ಬೇಸಿಗೆ ಫೆಲೋಶಿಪ್‌ಗೆ ಅರ್ಜಿ ಹಾಕಿ. 2 ತಿಂಗಳು ಒಬ್ಬ ವಿಜ್ಞಾನಿಯ ಜೊತೆ ಕೆಲಸ, ಖರ್ಚಿಗೆ ದುಡ್ಡೂ ಕೊಡ್ತಾರೆ. ಯಾಕೆ ಬರ್ತೀರಿ ಅಂತ ಅರ್ಜಿಯಲ್ಲಿ ಬರೀಬೇಕಾಗುತ್ತೆ. ‘ಚಿಕ್ಕಂದಿನಿಂದ ಆಸಕ್ತಿ’ ಅಂತ ಬರೀಬೇಡಿ. ಗದ್ದೆ ಬದುವಿನ ಮೇಲೆ ನೀವು ನೋಡಿದ್ದು, ಉತ್ತರ ಸಿಗದೇ ಇದ್ದದ್ದು, ಅದನ್ನ ಬರೀರಿ.