ಅಭಿಪ್ರಾಯವೂ ಸತ್ಯವೂ

(ಶತಮಾನೋತ್ಸವದ ಅಂಗವಾಗಿ ಜರುಗಿದ ಯುವಜನರ ಸಮಾವೇಶದಲ್ಲಿ ವಿಚಾರಣಾ ಗುರುಗಳು ಮಾಡಿದ ಭಾಷಣ)



ಈಚೆಗೆ ಕಾಲೇಜಿನಲ್ಲಿ ಓದುತ್ತಿರುವ ಯುವಕನೊಬ್ಬನು ನಮ್ಮೊಡನೆ ವಾದಕ್ಕೆ ನಿಂತು, ಕೊನೆಗೆ, "ಸ್ವಾಮಿ, ಅದು ನಿಮ್ಮ ಅಭಿಪ್ರಾಯ, ಇದು ನನ್ನ ಅಭಿಪ್ರಾಯ, ಇದರಲ್ಲಿ ಸರಿ ತಪ್ಪು ಎಲ್ಲಿಂದ ಬಂತು?" ಎಂದು ಮಾತು ಮುಗಿಸಿದನು. ವಿನಯದಿಂದಲೇ ಹೇಳಿದನೆನ್ನಿ. ಆದರೂ ಆ ಮಾತು ನಮ್ಮನ್ನು ಬಿಡಲಿಲ್ಲ.

ಕೆಲವು ಅಭಿಪ್ರಾಯಗಳಿಗೆ ಅವನ ಮಾತು ಸಲ್ಲುತ್ತದೆ. ಗೀತೆಗಳಿಗೆ ಹಾರ್ಮೋನಿಯಂ ಒಪ್ಪುವುದೋ ಕೀಬೋರ್ಡ್ ಒಪ್ಪುವುದೋ ಎಂಬುದರಲ್ಲಿ ನಮ್ಮ ಗಾಯನವೃಂದದವರು ಇಂದಿಗೂ ಒಮ್ಮತಕ್ಕೆ ಬಂದಿಲ್ಲ. ಬರಬೇಕಾದ ಅಗತ್ಯವೂ ಇಲ್ಲ. ಅದು ರುಚಿಯ ವಿಷಯ. ಆದರೆ ಒಬ್ಬ ಮನುಷ್ಯನು ಇನ್ನೊಬ್ಬನ ಯೋಗ್ಯತೆಯ ಕುರಿತು ತಳೆಯುವ ಅಭಿಪ್ರಾಯವು ಹಾಗಲ್ಲ. ಅದರ ಭಾರವನ್ನು ಹೊರುವವನು ಆ ಇನ್ನೊಬ್ಬನೇ.

ಬಾರ್ತೊಲೊಮೆ ದೆ ಲಾಸ್ ಕಾಸಾಸ್ ಎಂಬವರ ಜೀವನವನ್ನು ನೆನೆಯೋಣ. 1502ರಲ್ಲಿ ಸ್ಪೇಯಿನ್ ದೇಶದಿಂದ ಹಿಸ್ಪಾನಿಯೋಲ ದ್ವೀಪಕ್ಕೆ ಹೋದ ಇವರು ಗುರುದೀಕ್ಷೆ ಪಡೆದ ಮೇಲೂ ಅಲ್ಲಿನ ಮೂಲನಿವಾಸಿಗಳನ್ನು ಜೀತಕ್ಕೆ ಇಟ್ಟುಕೊಂಡಿದ್ದರು. ಅದರಲ್ಲಿ ಅವರಿಗೆ ತಪ್ಪೇನೂ ಕಾಣಲಿಲ್ಲ. 1511ರ ಆಗಮನ ಕಾಲದಲ್ಲಿ ದೊಮಿನಿಕ್ ಸಭೆಯ ಮೊಂತೆಸಿನೋಸ್ ಎಂಬ ಗುರುಗಳು ಅದೇ ದ್ವೀಪದಲ್ಲಿ ಈ ಅನ್ಯಾಯದ ವಿರುದ್ಧ ಪ್ರಬೋಧಿಸಿದಾಗ ವಲಸಿಗರೆಲ್ಲ ಕೆರಳಿದರು. ಮಾತನ್ನು ಹಿಂತೆಗೆದುಕೊಳ್ಳಬೇಕೆಂದು ಒತ್ತಾಯಿಸಿದರು. ಆ ಗುರುಗಳಾದರೋ ಮುಂದಿನ ಭಾನುವಾರ ಇನ್ನಷ್ಟು ಕಟುವಾಗಿ ನುಡಿದರು. ದೊಮಿನಿಕ್ ಸಭೆಯ ಗುರುಗಳೊಬ್ಬರು ಲಾಸ್ ಕಾಸಾಸರ ಪಾಪನಿವೇದನೆಯನ್ನೇ ಕೇಳಲು ಒಪ್ಪಲಿಲ್ಲ. ಆಗಲೂ ಅವರು ತಮ್ಮ ಅಭಿಪ್ರಾಯವನ್ನು ಬಿಟ್ಟುಕೊಡಲಿಲ್ಲ.

1514ರಲ್ಲಿ ಕ್ಯೂಬಾದಲ್ಲಿ, ಪಂಚಾಶತ್ತಮ ಹಬ್ಬದ ಪ್ರಬೋಧನೆಗೆ ಸಿದ್ಧರಾಗುತ್ತಿದ್ದಾಗ, ಅನ್ಯಾಯದ ಗಳಿಕೆಯಿಂದ ಅರ್ಪಿಸಿದ ಬಲಿಯನ್ನು ದೇವರು ಒಪ್ಪುವುದಿಲ್ಲವೆಂಬ ಸಿರಾಖನ ಗ್ರಂಥದ ಭಾಗವು ಅವರ ಕಣ್ಣಿಗೆ ಬಿತ್ತು. ತಾವು ಬಲಿಪೂಜೆಯಲ್ಲಿ ಎತ್ತುತ್ತಿದ್ದ ರೊಟ್ಟಿ ಯಾರ ಬೆವರಿನದು ಎಂಬುದನ್ನು ಅವರು ಯೋಚಿಸಿರಬೇಕು. ಅದೇ ವರ್ಷ ತಮ್ಮ ಜೀತದಾಳುಗಳನ್ನು ಬಿಟ್ಟುಕೊಟ್ಟರು. ಅಭಿಪ್ರಾಯದಲ್ಲಿ ಸರಿ ತಪ್ಪು ಇಲ್ಲವೆನ್ನುವುದಾದರೆ, ಅವರು ಮಾಡಿದ್ದು ಪಶ್ಚಾತ್ತಾಪವಲ್ಲ. ಹಾರ್ಮೋನಿಯಂ ಬಿಟ್ಟು ಕೀಬೋರ್ಡ್ ಹಿಡಿದಂತಹ ರುಚಿಯ ಬದಲಾವಣೆ ಮಾತ್ರ!

ಕಥೆ ಇಲ್ಲಿಗೆ ಮುಗಿದಿದ್ದರೆ ನಮಗೆ ಹಿತವಾಗುತ್ತಿತ್ತು. 1516ರಲ್ಲಿ ಇದೇ ಪುಣ್ಯಾತ್ಮರು, ಮೂಲನಿವಾಸಿಗಳ ಹೊರೆಯನ್ನು ಇಳಿಸಲೆಂದು, ಗುಲಾಮರನ್ನು ತರಿಸಬಹುದೆಂದು ಸಲಹೆಯಿತ್ತರು. ಮುಂದೆ ಆಫ್ರಿಕದವರನ್ನು ತರಿಸುವುದಕ್ಕೂ ಒಪ್ಪಿದರು. ಅವರ ಉದ್ದೇಶ ಕರುಣೆಯೇ. ಅಭಿಪ್ರಾಯ ಮಾತ್ರ ಘೋರವಾಗಿ ತಪ್ಪಾಗಿತ್ತು. ಆಫ್ರಿಕದವರ ಬಂಧನವೂ ಅಷ್ಟೇ ಅನ್ಯಾಯವೆಂದು ಮುಂದೆ ತಿಳಿದಾಗ, ತಮ್ಮ ಅಜ್ಞಾನವು ದೇವರ ನ್ಯಾಯತೀರ್ಪಿನ ಮುಂದೆ ತಮ್ಮನ್ನು ಕಾಯುವುದೋ ಇಲ್ಲವೋ ಎಂಬ ಅಳುಕನ್ನು ಅವರು ತಮ್ಮ ಇತಿಹಾಸ ಗ್ರಂಥದಲ್ಲಿ ಬರೆದಿಟ್ಟರು.

ಆ ಅಳುಕು ನಮಗೆ ಅಮೂಲ್ಯ. ಪರಿಹರಿಸಲಾಗದ ಅಜ್ಞಾನದಿಂದ ದಾರಿತಪ್ಪಿದ ಮನಸ್ಸಾಕ್ಷಿಯು ತನ್ನ ಘನತೆಯನ್ನು ಕಳೆದುಕೊಳ್ಳುವುದಿಲ್ಲವೆಂದು ದ್ವಿತೀಯ ವ್ಯಾಟಿಕನ್ ಮಹಾಸಭೆಯು 1965ರಲ್ಲಿ ಬೋಧಿಸಿತು; ಆದರೆ ಸತ್ಯವನ್ನು ಅರಸುವ ಗೋಜಿಗೇ ಹೋಗದವನಿಗೆ ಈ ರಿಯಾಯಿತಿ ಇಲ್ಲವೆಂದೂ ಕೂಡಲೇ ಹೇಳಿತು. ತಪ್ಪುಮಾಡಿದವನು ನಿರ್ದೋಷಿಯಾಗಿರಬಹುದು, ಅಷ್ಟರಿಂದ ತಪ್ಪು ಸರಿಯಾಗುವುದಿಲ್ಲ. 1550ರಲ್ಲಿ ವಯ್ಯಾದೊಲಿದ್ ನಗರದಲ್ಲಿ ಸೆಪುಲ್ವೆದ ಎಂಬ ಪಂಡಿತರು ಅರಿಸ್ಟಾಟಲನನ್ನು ಮುಂದಿಟ್ಟುಕೊಂಡು ಲಾಸ್ ಕಾಸಾಸರ ಎದುರು ವಾದಿಸಿದರು. ನ್ಯಾಯಮಂಡಲಿಯು ಸ್ಪಷ್ಟ ತೀರ್ಪು ಕೊಡಲಿಲ್ಲ. ತೀರ್ಪು ಬಾರದ ಮಾತ್ರಕ್ಕೆ ಜೀತದವನ ಬೆನ್ನಿನ ಬಾಸುಂಡೆ ಅಭಿಪ್ರಾಯವಾಗಿಬಿಟ್ಟಿತೇ?

ದೂರದ ದೇಶದ ಮಾತಾಯಿತು. ನಮ್ಮದನ್ನೂ ಹೇಳಬೇಕು. ಗುರುಮಠದಿಂದ ಹೊರಬಂದ ಹೊಸದರಲ್ಲಿ ನಾವಿದ್ದ ಹಳ್ಳಿಯೊಂದರ ದೇವಾಲಯದಲ್ಲಿ, ಊರಾಚೆಯ ಕೇರಿಯ ಕುಟುಂಬಗಳು ಹಿಂದೆ ನೆಲದ ಮೇಲೆ ಕೂರುತ್ತಿದ್ದವು. ಅದು ಅವರ ರೂಢಿ, ಅವರಿಗೇ ಇಷ್ಟವೆಂದು ನಾವು ಪ್ರಾಮಾಣಿಕವಾಗಿ ನಂಬಿದ್ದೆವು. ಮೂರು ವರ್ಷಗಳಾದ ಮೇಲೆ ಮಾತಿಗೆಂದು ಒಬ್ಬ ಅಜ್ಜಿಯನ್ನು ಕೇಳಿದೆವು. "ಮುಂದಕ್ಕೆ ಬನ್ನಿ ಅಂತ ಯಾರೂ ಕರೀಲಿಲ್ವಲ್ಲ ಸ್ವಾಮಿ" ಎಂದಳು.

ಮುಂದಿನ ಭಾನುವಾರ ನಾವು ಕರೆದೆವು. ಕೆಲವರು ಬಂದರು. ಮುಂದಿನ ಸಾಲಿನ ಎರಡು ಮನೆಯವರು ಹಲವು ವಾರ ಬಲಿಪೂಜೆಗೆ ಬರಲಿಲ್ಲ. ಹೋಗಿ ವಿಚಾರಿಸಿದಾಗ, ಅದು ತಮ್ಮ ಸ್ವಂತ ಅಭಿಪ್ರಾಯವೆಂದರು.