ಮನೆಯ ನಾಯಿಗೆ ಪದೇ ಪದೇ ಹೊಟ್ಟೆ ಕೆಟ್ಟರೆ
(ಕನ್ನಡ ಕಾರ್ಯಕ್ರಮದಲ್ಲಿ ಪ್ರಸಾರವಾದ ಭಾಷಣದ ಪಠ್ಯ)



ಈ ವಾರದ ಮಾತು ಮನೆಯ ನಾಲ್ಕು ಕಾಲಿನ ಸದಸ್ಯನ ಬಗ್ಗೆ. ಊರಿನಲ್ಲಾದರೆ ಅಂಗಳವಿತ್ತು, ಹಿತ್ತಲಿತ್ತು. ನಾಯಿಗೆ ಹೊಟ್ಟೆ ಕೆಟ್ಟರೆ ಅದು ಹೊರಗೆ ಹೋಗಿ ಹುಲ್ಲು ತಿಂದು, ಕಕ್ಕಿ ಬರುತ್ತಿತ್ತು. ಇಲ್ಲಿ ಮುಂಬಯಿಯಲ್ಲಿ ನಮ್ಮದು ಐದನೇ ಮಹಡಿ. ರಾತ್ರಿ ಎರಡು ಗಂಟೆಗೆ ಭೇದಿಯಾದರೆ ಹಾಲ್‌ನ ನೆಲವೇ ಗತಿ. ಒಮ್ಮೆಯಾದರೆ ಒರೆಸಿ ಸುಮ್ಮನಾಗುತ್ತೇವೆ. ತಿಂಗಳಿಗೆ ಎರಡು ಮೂರು ಸಲವಾದರೆ, "ಇದನ್ನು ಯಾರಿಗಾದರೂ ಕೊಟ್ಟುಬಿಡೋಣ" ಎಂಬ ಮಾತು ಮನೆಯಲ್ಲಿ ಏಳುತ್ತದೆ. ಆ ಮಾತು ಏಳುವ ಮೊದಲು ನಾವು ಮಾಡಬೇಕಾದ ಕೆಲಸ ಬಹಳಷ್ಟಿದೆ.

ಮೊದಲನೆಯದು, ಒಂದು ನೋಟ್‌ಬುಕ್ಕು. ನಮ್ಮ ಕಟ್ಟಡದ ಒಂದು ಮನೆಯಲ್ಲಿ ಲ್ಯಾಬ್ರಡಾರ್ ನಾಯಿಯಿದೆ. ಅದಕ್ಕೆ ಸೋಮವಾರ ಬಂತೆಂದರೆ ಭೇದಿ. ವೈದ್ಯರು ಹೇಳಿದಂತೆ ಮನೆಯವರು ಯಾರು, ಯಾವಾಗ, ಏನು ತಿನ್ನಿಸಿದರು ಎಂದು ಮೂರು ವಾರ ಬರೆದಿಟ್ಟರು. ಬೆಳಿಗ್ಗೆ ಅಜ್ಜನ ಹಾಲು, ಸಂಜೆ ಮಕ್ಕಳ ಬಿಸ್ಕತ್ತು, ಗೇಟಿನಲ್ಲಿ ವಾಚ್‌ಮನ್‌ನ ವಡಾಪಾವ್ ತುಂಡು, ಭಾನುವಾರ ಮಟನ್ನಿನ ಕೊಬ್ಬು ಮತ್ತು ಮೂಳೆ. ಒಬ್ಬೊಬ್ಬರೂ ಕೊಟ್ಟದ್ದು ಸ್ವಲ್ಪವೇ. ಎಲ್ಲ ಸೇರಿದಾಗ ನಾಯಿಯ ಹೊಟ್ಟೆಗೆ ಅದು ಜಾತ್ರೆ! ಎಲ್ಲರೂ ಪ್ರೀತಿಯಿಂದಲೇ ಕೊಟ್ಟಿದ್ದರು ಎಂಬುದೇ ಇಲ್ಲಿನ ತೊಡಕು.

ನಾಯಿಯ ಹೊಟ್ಟೆಗೆ ತುಪ್ಪ ದಕ್ಕೀತೇ ಎಂಬ ಮಾತು ನಮ್ಮಲ್ಲಿದೆ. ಗಾದೆಯನ್ನು ಆಡುವುದು ಮನುಷ್ಯರನ್ನು ಕುರಿತು, ಆದರೆ ನಾಯಿಗೂ ಅದು ಬಹುಮಟ್ಟಿಗೆ ನಿಜ. ಒಮ್ಮೆಲೇ ಹೆಚ್ಚು ಕೊಬ್ಬು ತಿಂದರೆ ಕೆಲವು ನಾಯಿಗಳ ಮೇದೋಜೀರಕ ಗ್ರಂಥಿ ಊದಿಕೊಂಡು, ವಾಂತಿ ಮತ್ತು ತೀವ್ರ ಹೊಟ್ಟೆನೋವು ಬರುತ್ತದೆ. ಇದು ಪ್ರಾಣಕ್ಕೂ ಎರವಾಗಬಹುದು. ಬೆಳೆದ ಎಷ್ಟೋ ನಾಯಿಗಳಿಗೆ ಹಾಲು ಜೀರ್ಣವಾಗುವುದಿಲ್ಲ. ಬೇಯಿಸಿದ ಮೂಳೆ ಚೂಪಾಗಿ ಸೀಳಿ ಕರುಳಿಗೆ ಚುಚ್ಚುತ್ತದೆ. ಈರುಳ್ಳಿ, ಬೆಳ್ಳುಳ್ಳಿ ಹಾಕಿದ ನಮ್ಮ ಸಾರು, ಹುಳಿ ಅದಕ್ಕೆ ಸಲ್ಲದು. ಅವು ನಾಯಿಯ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ. ದ್ರಾಕ್ಷಿ, ಒಣದ್ರಾಕ್ಷಿ, ಚಾಕೊಲೇಟ್ ಸಹ ವಿಷವೇ. ನಾಯಿಯ ಆಹಾರವನ್ನು ಬದಲಾಯಿಸುವುದಿದ್ದರೆ ಹಳೆಯದಕ್ಕೆ ಹೊಸದನ್ನು ದಿನದಿನಕ್ಕೆ ಸ್ವಲ್ಪ ಸ್ವಲ್ಪ ಬೆರೆಸುತ್ತಾ, 7ರಿಂದ 10 ದಿನಗಳಲ್ಲಿ ಬದಲಾಯಿಸಬೇಕು.

ಎರಡನೆಯದು ಜಂತುಹುಳು. ಮರಿಗಳಿಗೆ ಎರಡು ವಾರಕ್ಕೊಮ್ಮೆ, ಬೆಳೆದ ನಾಯಿಗೆ ಸಾಮಾನ್ಯವಾಗಿ ಮೂರು ತಿಂಗಳಿಗೊಮ್ಮೆ ಹುಳುವಿನ ಔಷಧಿ ಕೊಡುವ ರೂಢಿಯಿದೆ. ತೂಕ ನೋಡಿ ಪ್ರಮಾಣ ಹೇಳುವವರು ವೈದ್ಯರು. ಆದರೆ ಜಿಯಾರ್ಡಿಯಾ ಎಂಬ ಸೂಕ್ಷ್ಮಜೀವಿ ಈ ಮಾಮೂಲು ಔಷಧಿಗಳಿಗೆಲ್ಲ ಬಗ್ಗುವುದಿಲ್ಲ. ಅದು ಪ್ರತಿದಿನದ ಮಲದಲ್ಲೂ ಕಾಣಿಸದು. ಆದ್ದರಿಂದ ಬೇರೆ ಬೇರೆ ದಿನಗಳ ಮೂರು ಮಾದರಿ ಪರೀಕ್ಷಿಸಬೇಕಾಗಬಹುದು. ದುಂಡುಹುಳು, ಕೊಕ್ಕೆಹುಳುಗಳು ಮನುಷ್ಯರಿಗೂ ಬರುವುದುಂಟು. ಮಕ್ಕಳಿರುವ ಮನೆಯಲ್ಲಿ ನಾಯಿಯ ಮಲವನ್ನು ಕೂಡಲೇ ತೆಗೆದು, ಕೈ ತೊಳೆಯುವುದನ್ನು ಮರೆಯಬೇಡಿ.

ಮೂರನೆಯದು, ವೈದ್ಯರಿಗೆ ಏನು ಹೇಳಬೇಕೆಂಬುದು. ನಾಯಿ ಮಾತನಾಡದು, ಅದರ ಪರವಾಗಿ ನಾವೇ ಸಾಕ್ಷಿ ನುಡಿಯಬೇಕು. "ಲೂಸ್ ಮೋಷನ್" ಎಂದಷ್ಟೇ ಹೇಳಿದರೆ ಸಾಲದು. ಹೆಚ್ಚು ಪ್ರಮಾಣದಲ್ಲಿ ಹೋಗಿ, ತೂಕ ಇಳಿಯುತ್ತಿದ್ದರೆ ತೊಂದರೆ ಸಣ್ಣ ಕರುಳಿನದಿರಬಹುದು. ಸ್ವಲ್ಪ ಸ್ವಲ್ಪವೇ ಮತ್ತೆ ಮತ್ತೆ ಹೋಗುತ್ತಾ, ಲೋಳೆಯೋ ಕೆಂಪು ರಕ್ತವೋ ಕಾಣುತ್ತಾ, ಮುಕ್ಕುತ್ತಿದ್ದರೆ ದೊಡ್ಡ ಕರುಳಿನದಿರಬಹುದು. ಈ ಒಂದು ಮಾಹಿತಿಯಿಂದ ಪರೀಕ್ಷೆಯ ದಾರಿಯೇ ಬದಲಾಗುತ್ತದೆ. ಮೊಬೈಲಿನಲ್ಲಿ ಒಂದು ಫೋಟೊ ತೆಗೆದುಕೊಂಡು ಹೋಗಿ, ಸಂಕೋಚ ಬೇಡ. ಮೂರು ವಾರ ಮೀರಿದ ಅಥವಾ ಮರುಕಳಿಸುವ ತೊಂದರೆಗೆ ಮಲ, ರಕ್ತ ಪರೀಕ್ಷೆ, ಬೇಕಾದರೆ ಸ್ಕ್ಯಾನಿಂಗ್ ಆಗಲೇಬೇಕು. ಹತ್ತಿರದ ಕ್ಲಿನಿಕ್ಕಿನಲ್ಲಿ ಸೌಲಭ್ಯವಿಲ್ಲದಿದ್ದರೆ ಪರೇಲಿನಲ್ಲಿ 1886ರಲ್ಲಿ ಆರಂಭವಾದ ಬಾಂಬೆ ವೆಟರ್ನರಿ ಕಾಲೇಜಿದೆ, ಅಲ್ಲೇ ಬಾಯಿ ಸಾಕರ್‌ಬಾಯಿ ದಿನ್‌ಶಾ ಪೆಟಿಟ್ ಪ್ರಾಣಿ ಆಸ್ಪತ್ರೆಯೂ ಇದೆ.

ಪರೀಕ್ಷೆಯಲ್ಲಿ ಏನೂ ಸಿಗದಿದ್ದರೆ ವೈದ್ಯರು ಆಹಾರದ ಪಥ್ಯ ಹೇಳಬಹುದು. ನಾಯಿ ಹಿಂದೆ ತಿಂದಿರದ ಒಂದು ಬಗೆಯ ಮಾಂಸ, ಒಂದು ಧಾನ್ಯ, ಅಥವಾ ಅದಕ್ಕೆಂದೇ ತಯಾರಾದ ಆಹಾರ, ಎರಡರಿಂದ ನಾಲ್ಕು ವಾರ. ಬೇರೊಂದು ತುಣುಕೂ ಇಲ್ಲ! ಆಹಾರದಿಂದಲೇ ಬಂದ ತೊಂದರೆಯಾದರೆ ಹೆಚ್ಚಾಗಿ ಎರಡು ವಾರದಲ್ಲೇ ಗುಣ ಕಾಣುತ್ತದೆ. ಆದರೆ ಅಜ್ಜನ ಒಂದೇ ಒಂದು ಬಿಸ್ಕತ್ತು ಸಾಕು, ಪಥ್ಯವನ್ನು ಮೊದಲಿನಿಂದ ಶುರುಮಾಡಬೇಕಾಗುತ್ತದೆ. ಆದ್ದರಿಂದ ಪಥ್ಯ ನಾಯಿಗಲ್ಲ, ಇಡೀ ಮನೆಗೆ.

ಇನ್ನು ಕೆಮಿಸ್ಟ್ ಅಂಗಡಿಯ ಮಾತು. ಹಿಂದಿನ ಚೀಟಿ ತೋರಿಸಿ ಅದೇ ಮೆಟ್ರೋನಿಡಜೋಲ್ ಮತ್ತೆ ಮತ್ತೆ ತರುವವರಿದ್ದಾರೆ. ಎರಡು ದಿನ ನಿಲ್ಲುತ್ತದೆ, ಮತ್ತೆ ಶುರು. ಸಾಧಾರಣ ಭೇದಿಗೆ ಅದು ಬೇಕಾಗಿಯೇ ಇರುವುದಿಲ್ಲ, ಮೇಲಾಗಿ ಕರುಳಿನ ಒಳ್ಳೆಯ ಸೂಕ್ಷ್ಮಜೀವಿಗಳೂ ನಾಶವಾಗುತ್ತವೆ. ನಮ್ಮ ಐಬುಪ್ರೊಫೆನ್, ಡೈಕ್ಲೋಫೆನಾಕ್ ಮಾತ್ರೆಗಳಂತೂ ನಾಯಿಗೆ ಬೇಡವೇ ಬೇಡ. ಜಠರದಲ್ಲಿ ಹುಣ್ಣಾಗಿ ರಕ್ತ ಸೋರುತ್ತದೆ. ಬೆಳೆದ ನಾಯಿ ಲವಲವಿಕೆಯಿಂದಿದ್ದು, ಭೇದಿ ಮಾತ್ರ ಆಗುತ್ತಿದ್ದರೆ ಉಪ್ಪು, ಎಣ್ಣೆ, ಮಸಾಲೆಯಿಲ್ಲದೆ ಬೇಯಿಸಿದ ಅನ್ನ ಮತ್ತು ಮೂಳೆ ತೆಗೆದ ಕೋಳಿ ಮಾಂಸವನ್ನು ದಿನಕ್ಕೆ ನಾಲ್ಕೈದು ಸಲ ಸ್ವಲ್ಪ ಸ್ವಲ್ಪವಾಗಿ ಕೊಡಿ. ಕುಡಿಯಲು ಶುದ್ಧ ನೀರು ಸದಾ ಇರಲಿ. ಇದು ಎರಡು ಮೂರು ದಿನದ ಉಪಾಯ ಮಾತ್ರ.

ಆದರೆ ಕೆಲವಕ್ಕೆ ಕಾಯಲೇಬಾರದು. ಕುಡಿದ ನೀರೂ ನಿಲ್ಲದ ವಾಂತಿ, ಡಾಂಬರಿನಂತಹ ಕಪ್ಪು ಮಲ, ಬಹಳ ರಕ್ತ, ಏಳಲಾರದ ನಿಶ್ಶಕ್ತಿ. ಹೊಟ್ಟೆ ಉಬ್ಬಿ, ಓಕರಿಸಿದರೂ ಏನೂ ಬಾರದಿದ್ದರೆ ಜಠರ ತಿರುಚಿಕೊಂಡಿರಬಹುದು. ಆಗ ಗಂಟೆಗಳ ಲೆಕ್ಕ. ಲಸಿಕೆ ಪೂರ್ತಿಯಾಗದ ಮರಿಗೆ ವಾಂತಿ, ರಕ್ತಭೇದಿ ಬಂದರೆ ಪಾರ್ವೊ ಎಂದೇ ತಿಳಿದು, ಬೆಳಗಾಗುವವರೆಗೆ ಕಾಯದೆ ಓಡಿ.

ಬಂಧುಗಳೇ, ನಾಯಿ ಹೇಳಿಕೊಳ್ಳದು, ದೂರದು. ಹೊಟ್ಟೆ ನೋಯುವಾಗಲೂ ಬಾಗಿಲಿಗೆ ಬಂದು ಬಾಲ ಆಡಿಸುತ್ತದೆ. ಇವತ್ತೇ ಫ್ರಿಜ್ಜಿನ ಬಾಗಿಲಿಗೆ ಒಂದು ಹಾಳೆ ಅಂಟಿಸಿ, ಪಕ್ಕದಲ್ಲಿ ಒಂದು ಪೆನ್ಸಿಲ್ ಕಟ್ಟಿ. ಮುಂದಿನ ವಾರ ಮತ್ತೆ ಭೇಟಿಯಾಗೋಣ.